ಯಾರೂ ಹತ್ತದ ಲಿಫ್ಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಲು ನನಗಿಂತ ಯೋಗ್ಯರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ಪ್ರಿನ್ಸಿಪಾಲರಿದ್ದಾರೆ, ಅವರಿಗೆ ಎರಡು ಡಾಕ್ಟರೇಟು. ಭಾಷಾ ವಿಭಾಗದಲ್ಲಿ, ಒಂದು ವಾಕ್ಯ ಕೆಟ್ಟರೆ ಊಟ ಸೇರದವರಿದ್ದಾರೆ. ನಾನು ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವನು. ಅಲ್ಲಿ ಪಾಠ ಶುರುವಾಗುವ ಹೊತ್ತಿಗೆ ಮೇಷ್ಟ್ರಿಗೂ ನಮಗೂ ಸಮಸಮನಾಗಿ ಆಕಳಿಕೆ ಬರುತ್ತಿತ್ತು. ನನಗೆ ಬಂದಿರುವ ವಿದ್ಯೆಯಲ್ಲಿ ಪಾಠ ಎಷ್ಟು, ಕನಸು ಎಷ್ಟು ಎಂದು ನನಗೇ ಖಾತ್ರಿಯಿಲ್ಲ. ಆದರೂ ಹೇಳಲು ಹೊರಟಿದ್ದೇನೆ. ಏಕೆಂದರೆ ಗೊತ್ತಿದ್ದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ, ಗೊತ್ತಿಲ್ಲದವರು ಹೇಳುತ್ತಿರುವ ಕಥೆಯಲ್ಲಿ ನಾನು ಲಿಫ್ಟಿನೊಳಗೆ ಒಲೆ ಹೂಡಿ ಹೋಟೆಲು ನಡೆಸುತ್ತಿದ್ದೆ ಎಂದಿದೆ. ನಾನು ಒಲೆ ಹೂಡಿರಲಿಲ್ಲ. ಅಷ್ಟಾದರೂ ಬರಹದಲ್ಲಿ ಇರಲಿ.

ನಾನು ಕಾಲೇಜಿನ ಲಿಫ್ಟ್ ಆಪರೇಟರು. ಕಟ್ಟಡಕ್ಕೆ ಐದು ಮಹಡಿ, ಕೆಳಗೊಂದು ನೆಲಮಾಳಿಗೆ. ಲಿಫ್ಟು ಹಳೆಯದು, ಅಗಲವಾದದ್ದು. ಪ್ರಯೋಗಾಲಯದ ಬೀರುಗಳನ್ನು ಸಾಗಿಸಲು ಹಾಕಿಸಿದ್ದಂತೆ. ಆ ಗುಣ ಅದಕ್ಕೆ ಇನ್ನೂ ಹೋಗಿಲ್ಲ, ಮನುಷ್ಯರನ್ನೂ ಬೀರುಗಳಂತೆಯೇ ನಿಧಾನವಾಗಿ ಒಯ್ಯುತ್ತದೆ. ಮೂಲೆಯಲ್ಲಿ ನನ್ನ ಸ್ಟೂಲು. ಗುಂಡಿಗಳ ಕಡೆ ನನ್ನ ಮುಖ, ಜನರ ಕಡೆ ಬೆನ್ನು. ನನಗೆ ಕೆಲಸ ಕಲಿಸಿದ ಹಳೆಯ ಆಪರೇಟರು ಒಂದೇ ಒಂದು ಉಪದೇಶ ಮಾಡಿದ್ದರು: ಲಿಫ್ಟಿನಲ್ಲಿ ಹಿಂದಿರುಗಿ ನೋಡುವವನು, ಬಸ್ಸಿನಲ್ಲಿ ಪಕ್ಕದವರ ಪತ್ರಿಕೆ ಓದುವವನಿಗಿಂತ ಕೀಳು. ಅಂದಿನಿಂದ, ಒಂದೇ ಒಂದು ಸಲ ಬಿಟ್ಟರೆ, ನಾನು ಹಿಂದಿರುಗಿ ನೋಡಿದವನಲ್ಲ. ದನಿಯಿಂದಲೋ ಚಪ್ಪಲಿಯ ಸದ್ದಿನಿಂದಲೋ ಯಾರೆಂದು ತಿಳಿದರೆ ತಿಳಿಯಿತು, ಇಲ್ಲದಿದ್ದರೆ ಇಲ್ಲ.

ಎಲ್ಲ ಶುರುವಾದದ್ದು ನೆಂಟಸ್ತನದಿಂದ. ನಮ್ಮ ಕಾಲೇಜಿನ ಹಿಂದಿನ ಬೀದಿಯಲ್ಲಿ ಇನ್ನೊಂದು ಕಾಲೇಜಿದೆ. ಅದರ ಪ್ರಿನ್ಸಿಪಾಲರೂ ನಮ್ಮ ಪ್ರಿನ್ಸಿಪಾಲರೂ ಷಡ್ಡಕರು. ಅಕ್ಕನನ್ನು ಅವರು, ತಂಗಿಯನ್ನು ಇವರು ಮದುವೆಯಾಗಿದ್ದಾರೆ. ಕಳೆದ ವರ್ಷ ಆ ಕಾಲೇಜಿಗೆ 'ಆರೋಗ್ಯವಂತ ಕಾಲೇಜು' ಎಂಬ ಮನ್ನಣೆ ಸಿಕ್ಕಿ, ಗೇಟಿಗೆ ಅದರ ಫಲಕ ಹಾಕಿಸಿದರು. ಹಾಕಿಸಲಿ. ಆದರೆ ಆ ವಾರ ಅತ್ತೆಯ ಮನೆಯ ಊಟದಲ್ಲಿ ಆ ಷಡ್ಡಕರು ನಮ್ಮವರ ಹೊಟ್ಟೆಯನ್ನು ಒಂದು ಸಲ ನೋಡಿ, ಏನೂ ಹೇಳದೆ ನೀರು ಕುಡಿದರಂತೆ. ಏನಾದರೂ ಹೇಳಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಹೇಳದೆ ನೀರು ಕುಡಿದದ್ದರಿಂದ ನಮ್ಮ ಕಾಲೇಜಿಗೆ ಆರೋಗ್ಯ ಬಂತು.

ಬಂದದ್ದು ಸಾಮಾನ್ಯ ರೀತಿಯಲ್ಲಲ್ಲ. ಕ್ಯಾಂಟೀನಿನ ಬಾಣಲೆಗೆ ಮುದ್ರೆ ಒತ್ತಿ ಸ್ಟೋರಿಗೆ ಸೇರಿಸಿದರು. ಅಲ್ಲಿ ಇನ್ನು ಹಣ್ಣು, ಬೇಯಿಸಿದ ಕಾಳು, ಹಸಿ ತರಕಾರಿ. ವಿದ್ಯಾರ್ಥಿಗಳು ಬೇಗ ಮಲಗುತ್ತೇವೆ, ಬೇಗ ಏಳುತ್ತೇವೆ, ಹಾಸಿಗೆಯಲ್ಲಿ ಫೋನು ನೋಡುವುದಿಲ್ಲ ಎಂದು ಅಂಗಳದಲ್ಲಿ ಬಲಗೈ ಚಾಚಿ ಪ್ರಮಾಣ ಮಾಡಿದರು. ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ವಿದ್ಯಾರ್ಥಿಗಳ ಆರೋಗ್ಯ ಸಂಘಕ್ಕೆ ಕಾರ್ಯದರ್ಶಿಯಾದವನು ಕೊನೆಯ ವರ್ಷದ ಹುಡುಗ. ಮಾತಾಡುವಾಗಲೂ, ಮಾತು ಕೇಳುವಾಗಲೂ ಸೌತೆಕಾಯಿ ಕಡಿಯುತ್ತಿದ್ದುದರಿಂದ ಅವನಿಗೆ ಸೌತೆಕಾಯಿ ಎಂದೇ ಹೆಸರಾಯಿತು. ಮಾತಿನ ಮಧ್ಯೆ ಅವನು ಕಡಿಯುವ ಸದ್ದು ಕೇಳಿದರೆ ಎದುರಿನವರಿಗೆ ತಾವೇ ಏನೋ ತಪ್ಪು ಮಾಡಿದಂತಾಗುತ್ತಿತ್ತು.

ಅವನ ದೊಡ್ಡ ಯೋಜನೆ ಮೆಟ್ಟಿಲು. ಒಂದೊಂದು ಮಹಡಿಯ ತಿರುವಿನಲ್ಲೂ ಬೋರ್ಡು: 'ನಿಮ್ಮ ಹೃದಯ ನಗುತ್ತಿದೆ', 'ನಿಮ್ಮ ಆಯುಷ್ಯ ಬೆಳೆಯಿತು', 'ಡಾಕ್ಟರಿಗೆ ನಷ್ಟ ಮಾಡಿದ್ದೀರಿ'. ಮೇಲೆ ಹತ್ತಿದರೆ ಆಯುಷ್ಯ ಬೆಳೆಯುವುದಾದರೆ ಕೆಳಗೆ ಇಳಿಯುವಾಗ ಅದು ವಾಪಸು ಹೋಗುತ್ತದೆಯೇ ಎಂದು ನನಗೆ ನಿಜವಾಗಿಯೂ ಅನುಮಾನ ಬಂದು ಸೌತೆಕಾಯಿಯನ್ನೇ ಕೇಳಿದೆ. ಅವನು ಕಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮರುದಿನ ನನ್ನ ಲಿಫ್ಟಿನ ಬಾಗಿಲಿಗೇ ಒಂದು ಬೋರ್ಡು ಬಂತು: 'ನಿಮ್ಮ ಕಾಲುಗಳು ಕೇಳುತ್ತಿವೆ: ನಾವೇನು ತಪ್ಪು ಮಾಡಿದೆವು?'

ಆಮೇಲೆ ಯಾರು ಹತ್ತುತ್ತಾರೆ? ಮೆಟ್ಟಿಲ ಬುಡದಲ್ಲಿ ಹಳದಿ ಪಟ್ಟಿ ತೊಟ್ಟ ಸಂಘದ ಹುಡುಗಿಯರು ಹತ್ತುವವರಿಗೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಲಿಫ್ಟಿನ ಕಡೆ ಒಂದು ಹೆಜ್ಜೆ ಇಟ್ಟವರನ್ನು, ಸಾವಿನ ಮನೆಯಲ್ಲಿ ನಕ್ಕವರನ್ನು ನೋಡುವಂತೆ ನೋಡುತ್ತಿದ್ದರು. ನಾನು ಬಾಗಿಲು ತೆರೆದುಕೊಂಡು ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಕಚೇರಿಯ ಸೂಪರಿಂಟೆಂಡೆಂಟರು ದಾಟಿ ಹೋಗುವಾಗ, ಇನ್ನು ನಿಮಗೆ ಆರಾಮ ಬಿಡಿ ಎಂದರು. ಕಚೇರಿಯವರ ಬಾಯಲ್ಲಿ ಆರಾಮ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಬೆನ್ನಲ್ಲಿ ಚಳಿ. ಹೆದರಿದ್ದು ಸರಿಯಾಗಿಯೇ ಇತ್ತು. ಅದೇ ಮನ್ನಣೆಗಾಗಿ ನಮ್ಮ ಕಾಲೇಜನ್ನು ಪರೀಕ್ಷಿಸಲು ಬರಲಿದ್ದ ತಂಡ ಬಂದು ಹೋದ ಕೂಡಲೇ, ಯಾರೂ ಹತ್ತದ ಲಿಫ್ಟಿಗೆ ಬೀಗ ಹಾಕಿ ಆಪರೇಟರ ಹುದ್ದೆಯನ್ನು ತೆಗೆಯುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತು.

ನನ್ನ ಚಿಂತೆ ಬರೀ ಹುದ್ದೆಯದಲ್ಲ. ನಮ್ಮ ಕಾಲೇಜಿನಲ್ಲಿ ನೌಕರರ ಮಕ್ಕಳಿಗೆಂದು ಕೆಲವು ಸೀಟುಗಳಿವೆ. ನನ್ನ ಮಗಳು ಮುಂದಿನ ವರ್ಷ ಅದರಲ್ಲಿ ಸೇರಬೇಕು. ಹಗಲು ಕಾಲೇಜಿಗೆ, ಕಣ್ಣು ಬಿಟ್ಟುಕೊಂಡು ಪಾಠ ಕೇಳುವ ಹೊತ್ತಿನಲ್ಲಿ. ನಮ್ಮ ವಂಶದಲ್ಲಿ ಹಾಗೆ ಓದುವವಳು ಅವಳೇ ಮೊದಲು. ಸೇರುವ ದಿನ ಅಪ್ಪ ನೌಕರಿಯಲ್ಲಿ ಇರಬೇಕೆಂಬುದು ನಿಯಮ.

ನಾನು ಮನೆಗೆ ಬಂದು, ಈ ಆರೋಗ್ಯದ ಹಿಂದೆ ಏನೋ ಇದೆ, ಇದು ನನ್ನನ್ನು ತೆಗೆಯಲೆಂದೇ ಹೂಡಿದ ಆಟ ಎಂದೆ. ಹೆಂಡತಿ ಪಾತ್ರೆ ಒರೆಸುತ್ತಿದ್ದಳು.

"ನಿಮ್ಮೊಬ್ಬರನ್ನ ತೆಗಿಯೋಕೆ ಇಡೀ ಕಾಲೇಜು ಸೌತೆಕಾಯಿ ತಿನ್ನತ್ತೇನ್ರೀ?" ಎಂದಳು.

ಒರೆಸಿದ ಪಾತ್ರೆಗಳನ್ನು ನಾನೇ ಗೂಡಿಗೆ ಜೋಡಿಸಿದೆ. ಆದರೂ ಅನುಮಾನ ಹೋಗಲಿಲ್ಲ.

ಕೆಲವು ದಿನ ಕಳೆದ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ ಗುಂಡಿಗಳ ಸಾಲಿನಲ್ಲಿ ನೆಲಮಾಳಿಗೆಯ ದೀಪ ಹತ್ತಿತು. ಅಲ್ಲಿ ಮುರಿದ ಬೆಂಚುಗಳ ಸ್ಟೋರು ಬಿಟ್ಟರೆ ಹಿತ್ತಿಲ ಬಾಗಿಲು ಮಾತ್ರ. ಇಳಿದು ಹೋದೆ. ಯಾರೋ ಹತ್ತಿದರು. ಎಷ್ಟನೆಯ ಮಹಡಿ ಎಂದು ಕೇಳಿದೆ. ಯಾವುದಾದರೂ ಪರವಾಗಿಲ್ಲ, ಹೋಗಿ ಬರುತ್ತಾ ಇರಿ ಎಂಬ ಉತ್ತರ ಬಂತು, ಎಳೆಯ ದನಿಯಲ್ಲಿ. ಕಾಗದ ಬಿಚ್ಚುವ ಸದ್ದು. ಆಮೇಲೆ ಬಿಸಿಬಿಸಿ ಕರಿದ ಆಲೂಗಡ್ಡೆಯ ಪರಿಮಳ. ಬಾಣಲೆಗೆ ಮುದ್ರೆ ಬಿದ್ದಿದ್ದರೂ ಕ್ಯಾಂಟೀನಿನವನ ಮನೆಯ ಬಾಣಲೆಗೆ ಬಿದ್ದಿರಲಿಲ್ಲ. ಅವನು ಹಿತ್ತಿಲ ಬಾಗಿಲಿಗೆ ಪೊಟ್ಟಣಗಳನ್ನು ತರುತ್ತಿದ್ದ. ಕೊಳ್ಳಲು ಜನವಿದ್ದರು, ತಿನ್ನಲು ಜಾಗವಿರಲಿಲ್ಲ. ಅಂಗಳದಲ್ಲಿ ಹಳದಿ ಪಟ್ಟಿ, ತರಗತಿಯಲ್ಲಿ ಹಳದಿ ಪಟ್ಟಿ, ಶೌಚಾಲಯದ ಬಾಗಿಲಿನಲ್ಲೂ ಕೈ ತೊಳೆಯುವುದನ್ನು ನೋಡಲು ಒಬ್ಬಳು. ಇಡೀ ಕಾಲೇಜಿನಲ್ಲಿ ಯಾರೂ ಕಣ್ಣಿಡದ ಕೋಣೆ ಒಂದೇ, ಯಾರೂ ಹತ್ತದ ನನ್ನ ಲಿಫ್ಟು. ಮೇಲಾಗಿ ಅಲ್ಲಿದ್ದ ಒಬ್ಬ ಮನುಷ್ಯ ಹಿಂದಿರುಗಿ ನೋಡುವವನಲ್ಲ.

ಆ ಎಳೆಯ ದನಿ ಇಳಿಯುವ ಮುನ್ನ ನನ್ನ ಭುಜದ ಮೇಲಿಂದ ಒಂದು ತುಂಡು ಆಲೂಗಡ್ಡೆ ಚಾಚಿತು.

"ಲಿಫ್ಟಣ್ಣ, ಇದು ನಿಮಗೂ ನಂಗೂ ಮಾತ್ರ ಗೊತ್ತು."

ಬೇಡ ಎನ್ನುವುದು ಕಷ್ಟ. ಬೇಡ ಎಂದರೆ ಹೋಗಿ ಹೇಳಿಬಿಡುತ್ತಾನೆ ಎಂದುಕೊಳ್ಳುತ್ತಾರೆ. ತಿಂದೆ.

ಆ ವಾರದೊಳಗೆ ಅದೇ ಮಾತನ್ನು ನನಗೆ ಇಡೀ ಕಾಲೇಜೇ ಹೇಳಿತು. ಬೇಗ ಮಲಗುತ್ತೇವೆಂದು ಪ್ರಮಾಣ ಮಾಡಿ, ಮಲಗಿದಲ್ಲಿ ನಿದ್ದೆ ಬಾರದೆ ಒದ್ದಾಡಿದ ಹುಡುಗರು ಹಗಲು ಬಂದು ಗೋಡೆಗೆ ಒರಗಿ ಗೊರಕೆ ಹೊಡೆದರು. ಅವರಿಗಾಗಿ ನಾನು ಎರಡು ಮಹಡಿಯ ನಡುವೆ ನಿಲ್ಲಿಸಿಕೊಂಡಿರುತ್ತಿದ್ದೆ. ನೀರಿನ ಬಾಟಲಿಯಲ್ಲಿ ಟೀ ತಂದವರಿದ್ದರು. ಚಪ್ಪಾಳೆ ತಟ್ಟುವ ಹುಡುಗಿಯರು, ಕೈ ನೋಯುತ್ತದೆ ಎಂದು ಸರದಿಯ ಮೇಲೆ ಬಂದು ಕೇಕು ತಿಂದರು. ಪಿ.ಟಿ. ಮೇಷ್ಟ್ರು ಬಂದರು. ದಿನವೂ ಮೆಟ್ಟಿಲ ಬುಡದಲ್ಲಿ ನಿಂತು ಸೀಟಿ ಊದುವವರು ಅವರೇ. ಮೊಣಕಾಲು ನೋವಂತೆ. ಲಿಫ್ಟಿನಲ್ಲಿ ಐದನೆಯ ಮಹಡಿಗೆ ಹೋಗಿ, ಒದ್ದೆ ಕರವಸ್ತ್ರವನ್ನು ಹಣೆಗೆ ಒತ್ತಿಕೊಂಡು ಬೆವರು ಬರಿಸಿಕೊಂಡು, ಮೆಟ್ಟಿಲಿನಲ್ಲಿ ಸೀಟಿ ಊದುತ್ತಾ ಇಳಿಯುತ್ತಿದ್ದರು. ಮಹಡಿಗಳ ಲೆಕ್ಕದಲ್ಲಿ ನೋಡಿದರೆ ಅರ್ಧ ವ್ಯಾಯಾಮ ನಿಜ, ನಾನದನ್ನು ಒಪ್ಪಿಕೊಳ್ಳಲೇಬೇಕು.

ಕೊನೆಗೊಂದು ದಿನ ನೆಲಮಾಳಿಗೆಯಲ್ಲಿ ಹತ್ತಿದವರು ಮಾತೇ ಆಡಲಿಲ್ಲ. ಪೊಟ್ಟಣ ಬಿಚ್ಚಿದ ಸದ್ದು, ಅಗಿಯುವ ಸದ್ದು. ಬಹಳ ಹೊತ್ತಿನ ಮೇಲೆ, ಅಭ್ಯಾಸಬಲದಿಂದ, ಕರುಂ ಎಂದು ಸೌತೆಕಾಯಿ ಕಡಿದ ಸದ್ದು.

"ಅಣ್ಣ," ಎಂದ ಅವನು, "ನಾನಿಲ್ಲಿ ತಪಾಸಣೆಗೆ ಬಂದಿದ್ದು."

"ಗೊತ್ತು ಸರ್," ಎಂದೆ. ಹುಡುಗನಿಗೆ ಸರ್ ಅಂದದ್ದು ಯಾಕೆಂದು ನನಗೆ ಈಗಲೂ ತಿಳಿಯದು. ಅವನು ನನಗೆ ಎರಡು ತುಂಡು ಕೊಟ್ಟ.

ನನ್ನ ಸಂಕಟ ಶುರುವಾದದ್ದು ಇಲ್ಲಿಂದ. ಲಿಫ್ಟು ಹಿಂದೆಂದೂ ಇಷ್ಟು ದುಡಿದಿರಲಿಲ್ಲ. ಆದರೆ ಯಾರೂ ಹತ್ತುತ್ತಿರಲಿಲ್ಲ. ನನ್ನ ಹುದ್ದೆ ಉಳಿಯಬೇಕಾದರೆ ಒಬ್ಬರಾದರೂ ಬಾಯಿಬಿಟ್ಟು ಹತ್ತಿದೆ ಎನ್ನಬೇಕು. ಒಬ್ಬೊಬ್ಬರನ್ನೂ ಕೇಳಿಕೊಂಡೆ. ಎಲ್ಲರೂ ಕರುಣೆಯಿಂದ, ಅಯ್ಯೋ ನಿಮಗೆ ಹೀಗಾಗಬಾರದಿತ್ತು, ಬೇರೆ ಯಾರನ್ನಾದರೂ ಕೇಳಿ ನೋಡಿ ಎಂದರು. ಅವರು ಹೇಳದೆ ನಾನು ಹೇಳುವಂತಿಲ್ಲ. ಒಬ್ಬೊಬ್ಬರ ಆಲೂಗಡ್ಡೆಯೂ ನನ್ನ ಹೊಟ್ಟೆಯಲ್ಲಿತ್ತು. ಅಡಕತ್ತರಿಯ ಅಡಕೆ ಎನ್ನುತ್ತಾರಲ್ಲ, ನಾನು ಎಣ್ಣೆಯಲ್ಲಿ ಕರಿದ ಅಡಕೆ.

ಮನೆಯಲ್ಲಿ ಇನ್ನೊಂದು ಕಥೆ. ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ, ಪ್ಯಾಂಟು ಬಿಗಿಯಾಗುತ್ತಿತ್ತು. ಪಕ್ಕದ ಮನೆಯಲ್ಲಿ ಟೈಲರು ಇದ್ದಾನೆ. ಪ್ಯಾಂಟಿನ ಸೊಂಟ ಸಡಿಲ ಮಾಡಿಸಿಕೊಳ್ಳಲು ಎರಡನೆಯ ಸಲ ಹೋದಾಗ ಅವನು ಟೇಪನ್ನು ನನ್ನ ಸೊಂಟಕ್ಕೆ ಸುತ್ತಿ, ನನ್ನ ಮುಖ ನೋಡಿ, ಏನೂ ಹೇಳದೆ ಸೀಮೆಸುಣ್ಣದ ಗೆರೆ ಎಳೆದ. ಹೇಳಬೇಕಾದ್ದನ್ನು ನನ್ನ ಹೆಂಡತಿಗೆ ಹೇಳಿದ.

"ಮನೇಲಿ ಊಟ ಬಿಟ್ಟವರ ಸೊಂಟ ಬೆಳೀತಿದೆ ಅಂದ್ರೆ, ಅಕ್ಕ, ಬೇರೆಲ್ಲೋ ಒಲೆ ಉರೀತಿದೆ ಅಂತ ಅರ್ಥ. ನಂಗೇನೂ ಗೊತ್ತಿಲ್ಲ. ನಾನು ಅಳತೆ ಹೇಳ್ದೆ ಅಷ್ಟೆ."

ಅಂದಿನಿಂದ ಅವಳು ನನ್ನ ಅಂಗಿಯನ್ನು ನೆನೆಹಾಕುವ ಮುನ್ನ ಮೂಗಿಗೆ ಹಿಡಿದು ನೋಡತೊಡಗಿದಳು. ಒಂದು ದಿನ ಈರುಳ್ಳಿ, ಒಂದು ದಿನ ಕೇಕಿನ ಏಲಕ್ಕಿ. ಹುಡುಗಿಯರು ಗುಂಪಾಗಿ ಬಂದ ದಿನ ಅತ್ತರು. ಏನೂ ಕೇಳಲಿಲ್ಲ. ನನಗೆ ಮದುವೆಯಾಗಿ ಇಷ್ಟು ವರ್ಷವಾಯಿತು, ಅವಳು ಕೇಳದೆ ಇದ್ದದ್ದು ಆ ವಾರ ಮಾತ್ರ.

ಒಂದು ಮಧ್ಯಾಹ್ನ ನೆಲಮಾಳಿಗೆಯ ದೀಪ ಹತ್ತಿತು. ಇಳಿದೆ. ಯಾರೋ ಹತ್ತಿದರು, ಮಾತಿಲ್ಲ. ಮಾತಾಡದವರು ಬಹಳ ಮಂದಿ ಬರುತ್ತಿದ್ದರಾದ್ದರಿಂದ ನಾನು ಗುಂಡಿಗಳನ್ನೇ ನೋಡುತ್ತಾ, ಗಿರಾಕಿಗೆ ಸಂಕೋಚವಾಗದಿರಲೆಂದು ಮೃದುವಾಗಿ ಕೇಳಿದೆ:

"ಇವತ್ತೇನು, ಆಲೂಗಡ್ಡೆನಾ, ಕೇಕಾ? ನಂಗೆ ಒಂದೇ ಒಂದು ತುಂಡು ಸಾಕು, ಮನೇಲಿ ಅನುಮಾನ ಬಂದಿದೆ."

"ಬರ್ದೆ ಏನು ಮಾಡತ್ತೆ?" ಎಂದಿತು ಹಿಂದಿನಿಂದ, ನನ್ನ ಮನೆಯ ದನಿ.

ಸೇವೆಗೆ ಸೇರಿದ ಮೇಲೆ ಮೊದಲ ಸಲ ಹಿಂದಿರುಗಿ ನೋಡಿದೆ. ಅವಳು ಕೈಚೀಲ ಎದೆಗೆ ಅವಚಿಕೊಂಡು ನಿಂತಿದ್ದಳು. ಯಾರವಳು, ಎಲ್ಲಿ ಒಲೆ, ಬಾಯಿ ಬಿಡಿ ಎಂದಳು. ಬಾಯಿ ಬಿಡುವಷ್ಟರಲ್ಲಿ ಒಂದನೆಯ ಮಹಡಿ ಬಂತು, ಬಾಗಿಲು ತೆರೆಯಿತು, ಚಪ್ಪಾಳೆ ಹುಡುಗಿಯರಿಬ್ಬರು ಪೊಟ್ಟಣ ಮುಚ್ಚಿಕೊಂಡು ಒಳಬಂದರು. ಎರಡನೆಯದರಲ್ಲಿ ಒಬ್ಬ ನಿದ್ದೆಯ ಹುಡುಗ ಬಂದು ನನ್ನ ಹೆಂಡತಿಯ ಪಕ್ಕದ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮೂರನೆಯದರಲ್ಲಿ ಪಿ.ಟಿ. ಮೇಷ್ಟ್ರು ಕರವಸ್ತ್ರ ಹಿಂಡುತ್ತಾ ಹತ್ತಿದರು. ಐದನೆಯದಕ್ಕೆ ಮುಟ್ಟುವ ಹೊತ್ತಿಗೆ ಅವಳ ಕೈಯಲ್ಲಿ ಯಾರೋ ಒಂದು ತುಂಡು ಕೇಕು ಇಟ್ಟು, ಆಂಟಿ, ಇದು ನಮಗೂ ನಿಮಗೂ ಮಾತ್ರ ಗೊತ್ತು ಎಂದಿದ್ದರು. ಅವಳು ಕೇಕನ್ನು ನೋಡಿದಳು, ನನ್ನನ್ನು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಮೇಲೆ ಅವಳಿಗೆ ಇಷ್ಟು ಕನಿಕರ ಬಂದದ್ದನ್ನು ನಾನು ಕಂಡಿಲ್ಲ.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದು ಮಗಳು ಸಂಜೆ ಎಲ್ಲ ಕೇಳಿ ನಕ್ಕಳು. "ಅಪ್ಪ, ಇಂಥ ಕಾಲೇಜಿಗೇ ನಾನು ಸೇರಬೇಕು."

ನಗುವಂಥ ಕಾಲವಾಗಿರಲಿಲ್ಲ. ಆ ವಾರವೇ ಲಿಫ್ಟಿನ ಮೆಕ್ಯಾನಿಕ್ಕು ಬಂದು ಎಣ್ಣೆ ಹಾಕಲು ಮೇಲೆ ಹತ್ತಿದವನು, ಇಳಿದು ಬಂದು ಸೂಪರಿಂಟೆಂಡೆಂಟರ ಮುಂದೆ ಗೊಣಗಿದ: ಇದೇನು ಆಸ್ಪತ್ರೆಯ ಲಿಫ್ಟೋ ಕಾಲೇಜಿನದೋ, ಬ್ರೇಕು ಪೂರಾ ಸವೆದಿದೆ. ಯಾರೂ ಹತ್ತದ ಲಿಫ್ಟಿನ ಬ್ರೇಕು ಹೇಗೆ ಸವೆಯುತ್ತದೆ? ಸೂಪರಿಂಟೆಂಡೆಂಟರು ಎಲ್ಲ ಮಹಡಿಗಳಲ್ಲೂ ವಿಚಾರಿಸಿದರು. ಪ್ರತಿಯೊಬ್ಬರೂ ತಾವು ಹತ್ತುವುದು ಮೆಟ್ಟಿಲೇ ಎಂದು ಎದೆ ಮುಟ್ಟಿಕೊಂಡು ಹೇಳಿದರು. ಉಳಿದ ತೀರ್ಮಾನ ಒಂದೇ: ಆಪರೇಟರು ದಿನವಿಡೀ ತಾನೊಬ್ಬನೇ ಸಂತೋಷಕ್ಕಾಗಿ ಮೇಲೆ ಕೆಳಗೆ ಓಡಾಡುತ್ತಿದ್ದಾನೆ. ನೆಲದ ಮೇಲೆ ಎಣ್ಣೆಯ ಕಲೆ ಬೇರೆ ಸಿಕ್ಕಿತು. ತಾನೊಬ್ಬನೇ ಓಡಾಡುತ್ತಾ, ತಾನೊಬ್ಬನೇ ತಿನ್ನುತ್ತಿದ್ದಾನೆ.

ಸಭಾಂಗಣದಲ್ಲಿ ವಿಚಾರಣೆ. ಇಡೀ ಕಾಲೇಜು ಸೇರಿತ್ತು. ನೀವೊಬ್ಬರೇ ಹೋದರೆ ಎಲ್ಲದಕ್ಕೂ ಹೂಂ ಅಂದು ಬರುತ್ತೀರಿ ಎಂದು ಹೆಂಡತಿಯೂ ಬಂದು ಕೊನೆಯ ಸಾಲಿನಲ್ಲಿ ಕೂತಳು. ಪ್ರಿನ್ಸಿಪಾಲರು ನನ್ನನ್ನು ವೇದಿಕೆಗೆ ಕರೆಸಿ, ಮೊದಲು ನನ್ನ ಸೊಂಟವನ್ನು ಸಭೆಗೆ ತೋರಿಸಿದರು. ಈ ವರ್ಷ ಇಡೀ ಸಂಸ್ಥೆಯಲ್ಲಿ ದಪ್ಪಗಾದವರು ಇವರೊಬ್ಬರೇ ಎಂದರು. ಸಭೆ ವಿಷಾದದಿಂದ ತಲೆಯಾಡಿಸಿತು. ಮುಂದಿನ ಸಾಲಿನಲ್ಲಿ ಪಿ.ಟಿ. ಮೇಷ್ಟ್ರು ಎಲ್ಲರಿಗಿಂತ ಹೆಚ್ಚು ಆಡಿಸಿದರು.

ಲಿಫ್ಟಿನಲ್ಲಿ ಯಾರನ್ನು ಒಯ್ದಿರಿ ಎಂದು ನನ್ನನ್ನು ಕೇಳಿದರು. ನಾನು ಹಿಂದಿರುಗಿ ನೋಡುವುದಿಲ್ಲ ಸರ್ ಎಂದೆ. ಸಭೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟದ್ದು ವೇದಿಕೆಗೂ ಕೇಳಿಸಿತು. ಸರಿ, ಈ ಅವಧಿಯಲ್ಲಿ ಲಿಫ್ಟು ಹತ್ತಿದವರು ಕೈ ಎತ್ತಿ ಎಂದರು ಪ್ರಿನ್ಸಿಪಾಲರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆ. ನಮ್ಮ ಸಭೆ ಅಷ್ಟು ದಡ್ಡ ಸಭೆಯಲ್ಲ. ತುಟಿಯ ಮೇಲೆ ಏನಾದರೂ ಅಂಟಿದೆಯೇ ಎಂದು ಕೆಲವರು ಒರೆಸಿಕೊಂಡದ್ದು ಬಿಟ್ಟರೆ ಒಂದು ಕೈಯೂ ಮೇಲೇಳಲಿಲ್ಲ.

ಆಮೇಲೆ ಕೊನೆಯ ಸಾಲಿನಲ್ಲಿ ಒಂದು ಕೈ ಎದ್ದಿತು. ಬಳೆಯ ಸದ್ದಿನಿಂದಲೇ ನನಗೆ ಗೊತ್ತಾಯಿತು.

"ನಾನು ಹತ್ತಿದೀನಿ," ಎಂದಳು. "ಕೆಳಗಿಂದ ಐದನೇ ಮಹಡಿಗೆ. ಕೇಕೂ ತಿಂದೆ. ಯಾರು ಕೊಟ್ರು ಅಂತ ಕೇಳಬೇಡಿ, ಕೊಟ್ಟವರ ಹೊಟ್ಟೆ ತಣ್ಣಗಿರಲಿ. ನಮ್ಮೋರು ನಿಯತ್ತಾಗಿ ಗುಂಡಿ ಒತ್ತಿದ್ರು."

ನನ್ನ ಪರವಾಗಿ ಈ ಲೋಕದಲ್ಲಿ ಆಡಿದ ಒಂದೇ ಸತ್ಯ ಅದು. ಅದೇ ನನ್ನ ಕುತ್ತಿಗೆಗೆ ಬಂತು. ಆಪರೇಟರು ಕಾಲೇಜಿನ ಲಿಫ್ಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಕೇಕು ತಿನ್ನಿಸುತ್ತಾ ಸವಾರಿ ಹೊರಡುತ್ತಾನೆ ಎಂದು ಸಂಜೆಯೊಳಗೆ ಮೂರು ಬೀದಿಗೆ ಸುದ್ದಿಯಾಯಿತು. ಪಕ್ಕದ ಮನೆಯ ಟೈಲರು, ನನಗೆ ಮೊದಲೇ ಗೊತ್ತಿತ್ತು, ಆದರೆ ಹೆಂಡತಿಯನ್ನೇ ಕರೆದೊಯ್ಯುತ್ತಾನೆ ಎಂದು ಅಂದುಕೊಂಡಿರಲಿಲ್ಲ ಎಂದನಂತೆ. ಅವನ ದನಿಯಲ್ಲಿ ನಿರಾಸೆಯಿತ್ತು ಎಂದು ಹೇಳಿದವರುಂಟು.

ಲಿಫ್ಟಿಗೆ ಬೀಗ ಬಿತ್ತು. ಮನ್ನಣೆಯ ತಂಡ ಬಂದು ಹೋಗುವವರೆಗೆ ನೆಲಮಾಳಿಗೆಯ ಸ್ಟೋರಿನಲ್ಲಿ ಮುರಿದ ಬೆಂಚುಗಳ ಧೂಳು ಹೊಡೆಯುತ್ತಿರಿ, ಆಮೇಲೆ ಮನೆಗೆ ಹೋಗಿ ಎಂದರು. ಮಗಳು ಆ ದಿನ ನಗಲಿಲ್ಲ. ಸಂಜೆ ಕಾಲೇಜಿನಲ್ಲೂ ಒಳ್ಳೆ ಪಾಠ ಮಾಡ್ತಾರೆ ಅಲ್ವಾ ಅಪ್ಪ ಎಂದಳು. ಮಾಡ್ತಾರೆ ಎಂದೆ. ಸುಳ್ಳು ಹೇಳಿದ್ದಕ್ಕೆ ಆಮೇಲೆ ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದೆ.

ಇನ್ನು ಕಾಲೇಜಿನ ಆರೋಗ್ಯದ ಕಥೆ ಕೇಳಿ. ಲಿಫ್ಟಿಗೆ ಬೀಗ ಬಿದ್ದದ್ದೇ ತಡ, ಆರೋಗ್ಯ ಕೆಟ್ಟು ಕೂತಿತು. ಪೊಟ್ಟಣಗಳಿಗೆ ಜಾಗವಿಲ್ಲದೆ ಅವು ಗ್ರಂಥಾಲಯಕ್ಕೆ ಹೋದವು. ದೊಡ್ಡ ನಿಘಂಟುಗಳ ಹಿಂದೆ ಇರುವೆ ಸಾಲುಗಟ್ಟಿತು. ಮಾನವ ಶರೀರದ ನಕ್ಷೆಯ ಮೇಲೆ, ಸರಿಯಾಗಿ ಹೃದಯದ ಜಾಗದಲ್ಲಿ, ಎಣ್ಣೆಯ ಹೆಬ್ಬೆರಳು ಮೂಡಿತು. ನಿದ್ದೆಯ ಹುಡುಗರು ತರಗತಿಯಲ್ಲೇ ಉರುಳಿದರು. ಪಿ.ಟಿ. ಮೇಷ್ಟ್ರು ನಿಜವಾಗಿಯೂ ಮೆಟ್ಟಿಲು ಹತ್ತಬೇಕಾಗಿ ಬಂದು, ಎರಡನೆಯ ತಿರುವಿನಲ್ಲಿ 'ನಿಮ್ಮ ಆಯುಷ್ಯ ಬೆಳೆಯಿತು' ಬೋರ್ಡಿನ ಕೆಳಗೆ ಕೂತುಬಿಟ್ಟರು. ಯಾರು ಕೇಳಿದರೂ ವಿದ್ಯಾರ್ಥಿಗಳ ಉಸಿರಾಟವನ್ನು ಗಮನಿಸುತ್ತಿದ್ದೇನೆ ಎನ್ನುತ್ತಿದ್ದರು. ಸೌತೆಕಾಯಿ ನಿಜವಾಗಿಯೂ ಸೌತೆಕಾಯಿಯ ಮೇಲೆಯೇ ಬದುಕಬೇಕಾಗಿ ಬಂದು, ಪ್ರಾರ್ಥನೆಯ ಸಮಯದಲ್ಲಿ ಬವಳಿ ಬಂದು ಬಿದ್ದ.

ಆಮೇಲೆ ಒಬ್ಬೊಬ್ಬರೇ, ಒಬ್ಬರಿಗೊಬ್ಬರು ತಿಳಿಯದಂತೆ, ಪ್ರಿನ್ಸಿಪಾಲರ ಕೋಣೆಗೆ ಹೋದರು. ಯಾರೂ ಲಿಫ್ಟು ಹತ್ತಿದವರಲ್ಲ. ಲಿಫ್ಟಿನ ಮೇಲೆ ಸುಮ್ಮನೆ ಅಭಿಮಾನ. ಪಿ.ಟಿ. ಮೇಷ್ಟ್ರು, ಆಟದ ಸಾಮಾನು ಸಾಗಿಸಲು ಬೇಕು ಎಂದರು. ನಮ್ಮ ಆಟದ ಸಾಮಾನು ಎರಡು ಚೆಂಡು. ಹುಡುಗಿಯರು, ಪಾಪ ಲಿಫ್ಟಣ್ಣನಿಗೆ ವಯಸ್ಸಾಗಿದೆ ಎಂದರು. ನನಗೆ ಅಷ್ಟೇನೂ ಆಗಿಲ್ಲ, ಆದರೂ ಸರಿ. ಪ್ರಿನ್ಸಿಪಾಲರು ಯಾರಿಗೂ ಬಗ್ಗಲಿಲ್ಲ. ಬಗ್ಗಿದ್ದು ಸೌತೆಕಾಯಿಗೆ. ಅವನು ಏನು ಹೇಳಿದನೆಂಬುದನ್ನು ಪ್ರಿನ್ಸಿಪಾಲರೇ ಆಮೇಲೆ ಸಭೆ ಸಭೆಯಲ್ಲೂ ತಮ್ಮದೇ ಮಾತೆಂಬಂತೆ ಹೇಳಿದ್ದರಿಂದ ನನಗೆ ಬಾಯಿಪಾಠವಾಗಿದೆ.

"ಸರ್, ಬೀಗ ಹಾಕಿದ ಲಿಫ್ಟನ್ನ ಬಿಟ್ಟು ಮೆಟ್ಟಿಲು ಹತ್ತೋದರಲ್ಲಿ ಏನು ಹೆಚ್ಚುಗಾರಿಕೆ? ಬಾಗಿಲು ತೆಗೆದಿರಬೇಕು. ಒಳಗೆ ಆಪರೇಟರು ಕೂತು ಬನ್ನಿ ಅನ್ನಬೇಕು. ನಾವು ಮುಖ ತಿರುಗಿಸಿ ಮೆಟ್ಟಿಲಿಗೆ ಹೋಗಬೇಕು. ತ್ಯಾಗ ಮಾಡೋಕೆ ಒಂದು ವಸ್ತು ಬೇಕಲ್ಲ ಸರ್. ಆ ಕಾಲೇಜಲ್ಲಿ ಲಿಫ್ಟೇ ಇಲ್ಲ. ಅವರು ಬಿಟ್ಟಿದ್ದಾದರೂ ಏನನ್ನ?"

ಆ ಕಾಲೇಜು ಎಂದರೆ ಷಡ್ಡಕರ ಕಾಲೇಜು. ಪ್ರಿನ್ಸಿಪಾಲರು ಎದ್ದು ನಿಂತರಂತೆ. ಅದೇ ಮಧ್ಯಾಹ್ನ ಬೀಗ ಕಳಚಿತು. ಬಾಗಿಲ ಮೇಲೆ ಹೊಸ ಬೋರ್ಡು: 'ಇದು ಸದಾ ತೆರೆದಿದೆ. ನಾವು ಹತ್ತುವುದಿಲ್ಲ.' ಪ್ರಿನ್ಸಿಪಾಲರು ನನಗೆ ಎಚ್ಚರಿಕೆ ಕೊಟ್ಟರು: ತಂಡ ಈ ವ್ಯವಸ್ಥೆಯನ್ನು ಮೆಚ್ಚಿದರೆ ನೀವು ಉಳಿಯುತ್ತೀರಿ, ತಂಡದ ಕಣ್ಣಿಗೆ ಒಬ್ಬನೇ ಒಬ್ಬ ವಿದ್ಯಾರ್ಥಿ ಲಿಫ್ಟಿನಲ್ಲಿ ಕಂಡರೆ ಅದೇ ದಿನ ಹೊರಗೆ. ಆ ಮಧ್ಯಾಹ್ನದಿಂದಲೇ ನೆಲಮಾಳಿಗೆಯ ದೀಪ ಮತ್ತೆ ಹತ್ತತೊಡಗಿತು.

ಕೊನೆಗೆ ತಂಡ ಬಂತು. ಅದರ ಅಧ್ಯಕ್ಷೆ ಹಿರಿಯ ಡಾಕ್ಟರಮ್ಮ, ಭಾರಿ ಆಳು. ಪ್ರಿನ್ಸಿಪಾಲರು ತಂಡವನ್ನು ಮೆಟ್ಟಿಲಲ್ಲಿ ಹತ್ತಿಸುತ್ತಾ ಬೋರ್ಡುಗಳನ್ನು ಓದಿಸಿದರು. ಎರಡನೆಯ ಮಹಡಿಯಲ್ಲಿ ನನ್ನ ಲಿಫ್ಟು ಬಾಗಿಲು ತೆರೆದು ನಿಂತಿತ್ತು. ಅಮ್ಮನವರು ಬೋರ್ಡು ಓದಿ, ಏದುಸಿರು ಬಿಡುತ್ತಾ, ಈ ಪ್ರಲೋಭನೆ ಎಷ್ಟು ಬಲವಾದದ್ದೆಂದು ತಾವೇ ಪರೀಕ್ಷಿಸಿ ನೋಡಬೇಕು, ನೀವೆಲ್ಲ ಮೆಟ್ಟಿಲಲ್ಲಿ ಬನ್ನಿ ಎಂದರು. ಒಳಗೆ ಬಂದರು. ಬಾಗಿಲು ಮುಚ್ಚಿತು. ಹಿಂದೆ ಚಪ್ಪಲಿ ಕಳಚಿದ ಸದ್ದು, ಗೋಡೆಗೆ ಒರಗಿದ ಸದ್ದು.

ಆಗಲೇ ನೆಲಮಾಳಿಗೆಯ ದೀಪ ಹತ್ತಿತು. ಆ ದಿನ ಯಾರೂ ಒತ್ತಬೇಡಿ ಎಂದು ನಾನು ಒಬ್ಬೊಬ್ಬರಿಗೂ ಕೈ ಮುಗಿದು ಹೇಳಿದ್ದೆ. ಹಸಿವಿಗೆ ಕಿವಿಯಿಲ್ಲ.

"ಅದು ಯಾಕೆ ಉರೀತಿದೆ?" ಎಂದು ಕೇಳಿದರು.

"ಕೆಳಗೆ ಯಾರೋ ಒತ್ತಿದಾರೆ ಅಮ್ಮ."

"ಯಾರೂ ಹತ್ತಲ್ಲ ಅಂದ್ರಲ್ಲ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಿಜ ಹೇಳಿದರೆ ಮಗಳ ಸೀಟು. ನನಗೆ ಗೊತ್ತಿದ್ದ, ಯಾರಿಗೂ ಕೊಟ್ಟ ಮಾತು ಮುರಿಯದ ಸತ್ಯ ಒಂದೇ ಉಳಿದಿತ್ತು.

"ಹತ್ತಿದೀನಿ ಅಂತ ಇದುವರೆಗೆ ಒಪ್ಪಿಕೊಂಡಿರೋರು ಒಬ್ಬರೇ ಅಮ್ಮ. ಅವಳು ನನ್ನ ಹೆಂಡತಿ."

ಅವರು ಗೋಡೆ ಬಿಟ್ಟು ನೆಟ್ಟಗೆ ನಿಂತ ಸದ್ದಾಯಿತು. ಆಮೇಲೆ ಕೆಳಗೇ ಹೋಗೋಣ ಎಂದರು. ನಾನು ಒತ್ತಿದೆ. ನಮ್ಮ ಲಿಫ್ಟು ಅಷ್ಟು ಬೇಗ ಇಳಿದದ್ದನ್ನು ನಾನು ಕಂಡಿರಲಿಲ್ಲ.

ಬಾಗಿಲು ತೆರೆಯಿತು. ನಾನು ಗುಂಡಿಗಳನ್ನೇ ನೋಡುತ್ತಿದ್ದೆ. ಎದುರಿನಲ್ಲಿ ಯಾರೋ ಉಸಿರು ಒಳಗೆಳೆದುಕೊಂಡರು. ಏನೋ ನೆಲಕ್ಕೆ ಬಿತ್ತು. ಮರುಕ್ಷಣ ಮೆಟ್ಟಿಲಿನ ಮೇಲೆ ದಡದಡ ಹೆಜ್ಜೆ. ಒಬ್ಬರದೋ ನಾಲ್ವರದೋ ತಿಳಿಯಲಿಲ್ಲ. ಆರೋಗ್ಯ ಸಂಘ ಹುಟ್ಟಿದ ಮೇಲೆ ಆ ವೇಗದಲ್ಲಿ ಯಾರೂ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ಸದ್ದು ಐದನೆಯ ಮಹಡಿಯವರೆಗೂ ನಿಲ್ಲದೆ ಹೋಯಿತು.

ಅಮ್ಮನವರು ಬರಿಗಾಲಲ್ಲಿ ಎರಡು ಹೆಜ್ಜೆ ಹೊರಗೆ ಹೋಗಿ, ಮತ್ತೆ ಒಳಗೆ ಬಂದರು. ಕಾಗದದ ಸರಪರ ಕೇಳಿಸಿತು.

"ಐದನೇ ಮಹಡಿಗೆ," ಎಂದರು. "ನಿಧಾನವಾಗಿ ಹೋಗಲಿ."

ನಮಗೆ ಮನ್ನಣೆ ಬಂತು. ತಂಡದ ವರದಿಯನ್ನು ಪ್ರಿನ್ಸಿಪಾಲರು ಸಭೆಯಲ್ಲಿ ಓದಿದರು: ಈ ಕಾಲೇಜಿನ ವಿದ್ಯಾರ್ಥಿಗಳು ಲಿಫ್ಟಿನ ಬಾಗಿಲು ತೆರೆದದ್ದೇ ತಡ ಮೆಟ್ಟಿಲಿನತ್ತ ಓಡುವುದನ್ನು ಅಧ್ಯಕ್ಷರು ಕಣ್ಣಾರೆ ಕಂಡಿದ್ದಾರೆ, ಆದ್ದರಿಂದ ಲಿಫ್ಟನ್ನೂ ಆಪರೇಟರನ್ನೂ ಇರುವಂತೆಯೇ ಮುಂದುವರಿಸತಕ್ಕದ್ದು. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ನಾನು ನೌಕರಿಯಲ್ಲಿದ್ದೇನೆ. ಮಗಳು ಹಗಲು ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ.

ನನಗೆ ಗೊತ್ತಿರುವುದು ಇಷ್ಟೇ. ಓಡಿಹೋದವರು ಯಾರೆಂದು ಗೊತ್ತಿಲ್ಲ. ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಡಾಕ್ಟರಮ್ಮ ನನ್ನ ಮಾತನ್ನು ಅರ್ಥ ಮಾಡಿಕೊಂಡು ಕನಿಕರದಿಂದ ಹಾಗೆ ಬರೆದರೋ, ಕಂಡದ್ದನ್ನು ನಂಬಿ ಬರೆದರೋ, ಆ ಪೊಟ್ಟಣ ಇನ್ನೂ ಬಿಸಿಯಾಗಿತ್ತೆಂಬ ಕಾರಣಕ್ಕೆ ಬರೆದರೋ, ಅದೂ ನನಗೆ ಗೊತ್ತಿಲ್ಲ.